ಕೊನೇ ಬಸ್ಸು ಎಷ್ಟು ಗಂಟೆಗೆ?

ಪಿಯುಸಿ ರಿಸಲ್ಟ್ ಬಂದ ಮೇಲೆ ನನಗೆ ಒಂದೇ ಥರದ ಮೆಸೇಜ್‌ಗಳು ಬರ್ತವೆ. ಡಿಗ್ರಿಗೆ ಮನೆಯಿಂದಲೇ ಓಡಾಡೋದಾ, ರೂಮ್ ಮಾಡೋದಾ, ಹಾಸ್ಟೆಲ್‌ಗೆ ಅರ್ಜಿ ಹಾಕೋದಾ? ಜೊತೆಗೆ ಗೂಗಲ್ ಮ್ಯಾಪ್‌ನ ಕಿಲೋಮೀಟರ್ ಲೆಕ್ಕ. ನಾನು ಬಿ.ಕಾಂ ಓದಿದವನು, ಲೆಕ್ಕ ಅಂದ್ರೆ ಖುಷಿನೇ. ಆದ್ರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಓದೋ ಹುಡುಗರು ಎಲ್ಲಿ ಉಳಿಯಬೇಕು ಅನ್ನೋದನ್ನ ಕಿಲೋಮೀಟರ್ ಯಾವತ್ತೂ ತೀರ್ಮಾನ ಮಾಡಿಲ್ಲ. ಸಂಜೆ ವಾಪಸ್ ಬರೋ ದಾರಿ ತೀರ್ಮಾನ ಮಾಡಿದೆ.

ಹಳೇ ಉದಾಹರಣೆಯಿಂದ ಶುರು ಮಾಡೋಣ. ಕುಪ್ಪಳಿಯಿಂದ ತೀರ್ಥಹಳ್ಳಿಗೆ ಇವತ್ತು ಬೈಕಿನಲ್ಲಿ ಅರ್ಧ ಗಂಟೆ ಸಾಕು. ಕುವೆಂಪು ಅವರ ಬಾಲ್ಯದಲ್ಲಿ ಅದೇ ದೂರಕ್ಕೆ ಊರು ಬಿಟ್ಟು ತೀರ್ಥಹಳ್ಳಿಯಲ್ಲಿ ಉಳಿದು ಓದಬೇಕಿತ್ತು. ಮುಂದೆ ಮೈಸೂರಿಗೆ ಹೋದಾಗ ರಾಮಕೃಷ್ಣ ಆಶ್ರಮದಲ್ಲಿ ವರ್ಷಗಟ್ಟಲೆ ಇದ್ದರು. ಅನುಕೂಲಸ್ಥರ ಮನೆಯ ಹುಡುಗರಿಗೇ ಇಷ್ಟು ಪಾಡು. ಇಲ್ಲದವರಿಗೆ ಇದ್ದದ್ದು ವಾರಾನ್ನ: ಸೋಮವಾರ ಒಬ್ಬರ ಮನೆ ಊಟ, ಮಂಗಳವಾರ ಇನ್ನೊಬ್ಬರ ಮನೆ, ಮಲಗೋದು ಯಾರದ್ದೋ ಜಗುಲಿ. ವಾರಾನ್ನದ ಬಗ್ಗೆ ಹಿರಿಯರು ಬಹಳ ಪ್ರೀತಿಯಿಂದ ಮಾತಾಡ್ತಾರೆ. ನನಗೆ ಮಾತ್ರ ಒಂದು ತಕರಾರಿದೆ. ಆ ಬಾಗಿಲು ತೆರೀತಿದ್ದದ್ದು ಹೆಚ್ಚಾಗಿ ತಮ್ಮ ಜಾತಿಯ ಹುಡುಗರಿಗೆ. ಹುಡುಗಿಯರ ಮಾತಂತೂ ಇರಲೇ ಇಲ್ಲ.

ಆ ಬಾಗಿಲು ತೆರೆಯದವರಿಗಾಗಿಯೇ ಹಾಸ್ಟೆಲ್‌ಗಳು ಬಂದವು. ಮೊದಲು ಮಠಗಳು, ಸಮುದಾಯದ ಸಂಘಗಳು ಕಟ್ಟಿಸಿದವು. 1975ರಲ್ಲಿ ಹಾವನೂರು ಆಯೋಗದ ವರದಿ ಬಂತು, ದೇವರಾಜ ಅರಸು ಸರ್ಕಾರದ ಕಾಲ. ಆಮೇಲೆ ಬಿಸಿಎಂ ಹಾಸ್ಟೆಲ್ ಅನ್ನೋದು ತಾಲ್ಲೂಕು ಕೇಂದ್ರಗಳಲ್ಲಿ ಮನೆಮಾತಾಯ್ತು. ಅಲ್ಲಿ ಸೀಟು ಸಿಗದವರಿಗೆ ವಿದ್ಯಾಸಿರಿ ಅಂತ ತಿಂಗಳಿಗೆ ಒಂದಿಷ್ಟು ಹಣ, ವರ್ಷಕ್ಕೆ 10 ತಿಂಗಳು. ಊಟ, ಬಾಡಿಗೆ ಎರಡೂ ಅದರಲ್ಲೇ ಆಗಬೇಕು ಅಂದ್ರೆ ಎಷ್ಟು ಕಷ್ಟ ಅಂತ ರೂಮ್ ಹುಡುಕಿದವರಿಗೆ ಗೊತ್ತು.

ಈಗ ನಮ್ಮೂರ ಕಡೆ ಬರೋಣ. ನಮ್ಮ ಮನೆ ವರದಾ ನದಿ ಹುಟ್ಟೋ ವರದಮೂಲದ ಹತ್ತಿರ. ಸಾಗರ ಪೇಟೆಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಬಸ್ ತಪ್ಪಿದ್ರೆ ಸೈಕಲ್, ಇಲ್ಲಾಂದ್ರೆ ಯಾರದ್ದಾದ್ರೂ ಬೈಕು. ಅದೇ ತಾಲ್ಲೂಕಿನ ತುಮರಿ ಕಡೆಯ ಕ್ಲಾಸ್‌ಮೇಟ್ ಒಬ್ಬಳು ಮಾತ್ರ ಸಾಗರದಲ್ಲಿ ರೂಮ್ ಮಾಡಿದ್ದಳು. ಶನಿವಾರ ಕ್ಲಾಸ್ ಮುಗಿಯೋ ಮೊದಲೇ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಗಡಿಯಾರ ನೋಡ್ತಾ ಕೂತಿರ್ತಿದ್ದಳು. ಯಾಕಂದ್ರೆ ಕತ್ತಲಾದ ಮೇಲೆ ಲಾಂಚ್ ಇಲ್ಲ.

ಲಾಂಚ್ ಕಥೆ ಶುರುವಾಗೋದು 1964ರಲ್ಲಿ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂತು. ಊರುಗಳು ಮುಳುಗಿದವು. ಮುಳುಗಡೆ ಅಂದ ತಕ್ಷಣ ನಾವು ಮನೆ ಕಳಕೊಂಡವರನ್ನ ನೆನೆಸ್ತೀವಿ, ಅದು ಸರಿಯೇ. ಆದ್ರೆ ಮುಳುಗದೆ ಆಚೆ ದಡದಲ್ಲಿ ಉಳಿದ ಕರೂರು, ಭಾರಂಗಿ ಹೋಬಳಿಗಳ ಜನರೂ ಇದ್ದಾರೆ. ಅವರ ಜಮೀನು ಉಳೀತು, ದಾರಿ ಹೋಯ್ತು. ನಾಡಿಗೆಲ್ಲ ಕರೆಂಟ್ ಕೊಟ್ಟ ನೀರು ಅವರನ್ನ ತಾಲ್ಲೂಕು ಕೇಂದ್ರದಿಂದಲೇ ಬೇರೆ ಮಾಡ್ತು. ಸಾಗರದಿಂದ ಹೊಳೆಬಾಗಿಲಿಗೆ ಸುಮಾರು 30 ಕಿಲೋಮೀಟರ್ ಬಸ್ಸು, ಅಲ್ಲಿ ಲಾಂಚಿಗೆ ಕಾಯೋದು, ಕಳಸವಳ್ಳಿಯಲ್ಲಿ ಇಳಿದು ಮತ್ತೆ ಗಾಡಿ. ಬೇಸಿಗೆಯಲ್ಲಿ ಹಿನ್ನೀರು ಇಳಿದ್ರೆ ಲಾಂಚಿಗೆ ವಾಹನ ಹತ್ತಿಸೋದೇ ನಿಲ್ತಿತ್ತು. ರಾತ್ರಿ ಯಾರಿಗಾದ್ರೂ ಹುಷಾರಿಲ್ಲದಿದ್ರೆ ಏನು ಗತಿ ಅಂತ ಯೋಚನೆ ಮಾಡಿ.

ಹಾಗಾಗಿ ಹಿನ್ನೀರಿನ ಮನೆಗಳು ಮಕ್ಕಳನ್ನ ಓದಿಸಬೇಕಾದ್ರೆ ಎರಡು ಸಂಸಾರ ನಡೆಸಬೇಕಿತ್ತು, ಊರಲ್ಲೊಂದು, ಪೇಟೆಯಲ್ಲೊಂದು. ಖರ್ಚು ಒಬ್ಬರಿಗಷ್ಟೇ ಸಾಕು ಅಂತಾದಾಗ ಮನೆಯಲ್ಲಿ ಉಳಿಯೋದು ಯಾರು ಅಂತ ನಾನು ಹೇಳಬೇಕಾಗಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಉದ್ದ ಎರಡು ಕಿಲೋಮೀಟರಿಗೂ ಜಾಸ್ತಿ. ಎಲ್ಲರೂ ಅದನ್ನ ಸಿಗಂದೂರು ಸೇತುವೆ ಅಂತಾರೆ, ಪ್ರವಾಸಿಗರು ರೀಲ್ಸ್ ಮಾಡ್ತಾರೆ. ನನಗೆ ಕಾಣೋದು ಬೇರೆ: ಆ ನೀರು ತುಂಬಿ 60 ವರ್ಷ ಆದ ಮೇಲೆ, ಆಚೆ ದಡದ ಹುಡುಗಿಗೆ ‘ಮನೆಯಿಂದಲೇ ಓಡಾಡ್ತೀನಿ’ ಅನ್ನೋ ಆಯ್ಕೆ ಸಿಕ್ತು.

ಸೇತುವೆ ಇದ್ರೆ ಸಾಲದು, ಅದರ ಮೇಲೆ ಸಂಜೆ ಬಸ್ಸೂ ಬೇಕು. ಇದು ಮಲೆನಾಡಿನ ಇನ್ನೊಂದು ಹಳೇ ಕಥೆ. ನಮ್ಮಲ್ಲಿ ಎಷ್ಟೋ ರೂಟ್‌ಗಳು ಖಾಸಗಿ ಬಸ್ಸಿನವು. 1991ರಲ್ಲಿ ಕೊಪ್ಪದಲ್ಲಿ ಬಸ್ ಕಂಪನಿಯೊಂದು ನಿಂತಾಗ, ಅದರ ಕಾರ್ಮಿಕರೇ ಸೇರಿ ‘ಸಹಕಾರ ಸಾರಿಗೆ’ ಕಟ್ಟಿದರು. ತೀರ್ಥಹಳ್ಳಿ ಕಡೆಗೂ ಓಡ್ತಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಇತ್ತು. 2020ರಲ್ಲಿ ಅದೂ ನಿಂತುಹೋಯ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ಹಣ ಇಲ್ಲ. ಆದ್ರೆ ಸರ್ಕಾರಿ ಬಸ್ಸೇ ಬಾರದ ಊರಿನ ಹುಡುಗಿ ಖಾಸಗಿ ಬಸ್ಸಿಗೆ ದುಡ್ಡು ಕೊಟ್ಟೇ ಬರಬೇಕು. ರೂಮಾ, ಓಡಾಟನಾ ಅಂತ ಲೆಕ್ಕ ಹಾಕುವಾಗ ಈ ವ್ಯತ್ಯಾಸ ತಿಂಗಳಿಗೆ ಎಷ್ಟಾಗುತ್ತೆ ಅಂತ ಬರೆದಿಟ್ಕೊಳ್ಳಿ.

ಇನ್ನು ಮೆಸೇಜ್ ಕಳಿಸಿದವರಿಗೆ. ಕಾಲೇಜು, ರೂಮು ನೋಡೋಕೆ ಬೆಳಿಗ್ಗೆ ಹತ್ತು ಗಂಟೆಗೆ ಹೋಗಬೇಡಿ, ಆಗ ಎಲ್ಲಾ ಚೆನ್ನಾಗೇ ಕಾಣುತ್ತೆ. ಸಂಜೆ ಕಾಲೇಜು ಬಿಡೋ ಹೊತ್ತಿಗೆ ಬಸ್‌ಸ್ಟ್ಯಾಂಡಿಗೆ ಹೋಗಿ. ನಿಮ್ಮೂರ ಕಡೆ ಹೋಗೋ ಕಂಡಕ್ಟರ್ ಹತ್ರ ಮೂರು ವಿಷಯ ಕೇಳಿ: ಕೊನೇ ಗಾಡಿ ಎಷ್ಟೊತ್ತಿಗೆ, ಭಾನುವಾರ ಇದೆಯಾ, ಜುಲೈ ಮಳೆಯಲ್ಲೂ ಬರ್ತೀರಾ? ರೂಮ್‌ಗೆ ಅಡ್ವಾನ್ಸ್ ಕೊಡೋದು ಅದಾದ ಮೇಲೆ.