ದತ್ತು, ದೇಣಿಗೆ ಮತ್ತು ಒಂದು ಮರೆತ ವಿನಾಯಿತಿ

ದತ್ತಕ ಕಾನೂನಿನ ಚರಿತ್ರೆ ಬರೆದವರೆಲ್ಲ ಹಣದ ಪ್ರಶ್ನೆ ಎದುರಾದೊಡನೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದ 17ನೆಯ ಕಲಮಿಗೆ ಹೋಗಿ ನಿಲ್ಲುತ್ತಾರೆ. ದತ್ತಕಕ್ಕೆ ಪ್ರತಿಫಲವಾಗಿ ಯಾರೂ ಹಣ ಪಡೆಯಕೂಡದು, ಯಾರೂ ಕೊಡಕೂಡದು; ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ. ನನಗೆ ಗುರುಸಮಾನರಾಗಿದ್ದ ಹಿರಿಯ ವಿದ್ವಾಂಸರೊಬ್ಬರು ಇದೊಂದೇ ಕಲಮಿನ ಬಲದಿಂದ ಒಂದು ನಿರ್ಣಯ ಕೊಟ್ಟರು: ಖಾಸಗಿ ದತ್ತು ಸಂಸ್ಥೆಗಳು ಪಡೆದ ಪ್ರತಿ ರೂಪಾಯಿಯೂ ಮೊದಲ ದಿನದಿಂದಲೇ ಅಕ್ರಮ, ಶುಲ್ಕದ ಗೊಂದಲಕ್ಕೆಲ್ಲ ಸಂಸ್ಥೆಗಳ ದುರಾಸೆಯೇ ಕಾರಣ, 1984ರ ಸುಪ್ರೀಂ ಕೋರ್ಟ್ ತೀರ್ಪು ಆ ನಿಷೇಧಕ್ಕೆ ಬೀಗ ಹಾಕಿತು. ಅವರ ಬಗೆಗಿನ ಗೌರವ ನನ್ನಲ್ಲಿ ಇಂದಿಗೂ ಕುಂದಿಲ್ಲ. ಶಾಸನವನ್ನು ಮೂಲದಲ್ಲೇ ಓದಬೇಕೆಂಬ ಪಾಠ ಹೇಳಿಕೊಟ್ಟವರೇ ಅವರು. ಆದರೆ ಈ ನಿರ್ಣಯ ತಪ್ಪು. ಅವರ ನಂತರ ಬಂದವರು ಮೂಲವನ್ನು ತೆರೆಯದೆ ಪುಸ್ತಕದಿಂದ ಪುಸ್ತಕಕ್ಕೆ ಇದನ್ನೇ ಇಳಿಸಿಕೊಳ್ಳುತ್ತಿರುವುದು ಅದಕ್ಕಿಂತ ದೊಡ್ಡ ತಪ್ಪು.

ಅದೇ ಅಧಿನಿಯಮದ 9ನೆಯ ಕಲಮಿನ 5ನೆಯ ಉಪಕಲಮನ್ನು ನೋಡಿ. ಪಾಲಕರು ಮಗುವನ್ನು ದತ್ತು ಕೊಡಲು ನ್ಯಾಯಾಲಯದ ಅನುಮತಿ ಕೇಳಿದಾಗ, ದತ್ತಕ ಮಗುವಿನ ಹಿತಕ್ಕಾಗಿಯೇ ನಡೆಯುತ್ತಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ವಯಸ್ಸಿಗೂ ತಿಳಿವಳಿಕೆಗೂ ತಕ್ಕಂತೆ ಮಗುವಿನ ಇಷ್ಟವನ್ನು ಗಮನಿಸಬೇಕು. ಅರ್ಜಿದಾರರು ಯಾವ ಪ್ರತಿಫಲವನ್ನೂ ಪಡೆದಿಲ್ಲವೆಂಬುದು ಖಾತ್ರಿಯಾಗಬೇಕು. ಇಷ್ಟು ಹೇಳಿ ಶಾಸನ ನಿಲ್ಲುವುದಿಲ್ಲ. ನ್ಯಾಯಾಲಯ ಮಂಜೂರು ಮಾಡಿದ ಮೊತ್ತ ಈ ನಿಷೇಧಕ್ಕೆ ಹೊರತು ಎಂದು ಅದೇ ಉಪಕಲಮಿನ ಕೊನೆಯಲ್ಲಿದೆ. 17ನೆಯ ಕಲಮಿನಲ್ಲಿ ಇಂಥ ಯಾವ ವಿನಾಯಿತಿಯೂ ಇಲ್ಲ. ಒಂದೇ ಶಾಸನದ ಒಂದು ಪುಟ ನ್ಯಾಯಾಧೀಶರ ಎದುರು ಲೆಕ್ಕವಿಟ್ಟು ಹಣ ಪಡೆಯಲು ಬಾಗಿಲು ತೆರೆಯುತ್ತದೆ, ಇನ್ನೊಂದು ಪುಟ ಅದೇ ಕೃತ್ಯಕ್ಕೆ ಜೈಲು ತೋರಿಸುತ್ತದೆ. ನ್ಯಾಯಾಲಯ ಒಪ್ಪಿದ ವೆಚ್ಚ 'ಪ್ರತಿಫಲ'ವೇ ಅಲ್ಲ, ಆದ್ದರಿಂದ ವಿರೋಧವಿಲ್ಲ ಎಂದು ಸಮನ್ವಯ ಮಾಡುವವರಿದ್ದಾರೆ. ಹಾಗಿದ್ದರೆ ವಿನಾಯಿತಿಯ ಮಾತೇ ಬೇಕಿರಲಿಲ್ಲ. ಪ್ರತಿಫಲದ ನಿಷೇಧದಿಂದಲೇ ಒಂದು ಮೊತ್ತವನ್ನು ಹೊರಗಿಟ್ಟಿದ್ದಾರೆಂದರೆ ಅದೂ ಆ ಜಾತಿಗೇ ಸೇರಿದ್ದೆಂದು ಶಾಸನಕಾರರು ಬಲ್ಲರು.

ಈ ಬಿರುಕು ಹುಟ್ಟಿದ್ದು ಹೇಗೆ? 1956ರಲ್ಲಿ ಶಾಸನಕಾರರ ಕಣ್ಣ ಮುಂದಿದ್ದದ್ದು ಮನೆಯಿಂದ ಮನೆಗೆ ನಡೆಯುವ ದತ್ತಕ. ಬೆಂಗಳೂರಿನ ಬಳೇಪೇಟೆ, ಚಿಕ್ಕಪೇಟೆಗಳಂಥ ವ್ಯಾಪಾರದ ಬೀದಿಗಳಲ್ಲಿ ಅದರ ಚಹರೆ ಎಲ್ಲರಿಗೂ ಗೊತ್ತು: ಮಕ್ಕಳಿಲ್ಲದ ಅಣ್ಣನಿಗೆ ತಮ್ಮನ ಎರಡನೆಯ ಮಗ, ಬಂಧುಗಳ ಎದುರು ಕೊಟ್ಟು ತೆಗೆದುಕೊಳ್ಳುವ ಶಾಸ್ತ್ರ, ಛಾಪಾ ಕಾಗದದ ಮೇಲೆ ಪತ್ರ ಬರಹಗಾರ ಬರೆದ ದತ್ತಕ ಪತ್ರ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು. ಇಲ್ಲಿ ಮಗುವನ್ನು ಸಾಕಿದ ಖರ್ಚೆಂಬ ಬಾಬತ್ತೇ ಏಳುವುದಿಲ್ಲ. ಹಣ ಕೈ ಬದಲಾಯಿಸಿದರೆ ಅದು ಬೆಲೆಯೇ. (ಧರ್ಮಶಾಸ್ತ್ರ ಹೇಳುವ ಹನ್ನೆರಡು ಬಗೆಯ ಪುತ್ರರಲ್ಲಿ 'ಕ್ರೀತ'ನನ್ನು, ಎಂದರೆ ಕೊಂಡ ಮಗನನ್ನು, ಹಿಡಿದು ನಮ್ಮಲ್ಲಿ ಮಕ್ಕಳ ಮಾರಾಟ ಶಾಸ್ತ್ರಸಮ್ಮತವಾಗಿತ್ತೆಂದು ವಾದಿಸುವವರು, ಕಲಿಯುಗಕ್ಕೆ ಔರಸ ಮತ್ತು ದತ್ತಕರಷ್ಟೇ ಸಲ್ಲುತ್ತಾರೆಂಬ ಧರ್ಮಶಾಸ್ತ್ರದ ದೀರ್ಘ ಪರಂಪರೆಯನ್ನು ಮರೆಮಾಚುತ್ತಾರೆ.) ಆ ಲೋಕಕ್ಕೆ 17ನೆಯ ಕಲಂ ಸರಿಯಾಗಿ ಒಪ್ಪುತ್ತದೆ.

1962ರ ತಿದ್ದುಪಡಿ, ಆ ವರ್ಷದ 45ನೆಯ ಅಧಿನಿಯಮ, ಈ ಲೋಕವನ್ನೇ ಬದಲಿಸಿತು. ಹೆತ್ತವರು ತೊರೆದ ಮಗು, ಹೆತ್ತವರು ಯಾರೆಂದೇ ತಿಳಿಯದ ಮಗು ದತ್ತಕದ ವ್ಯಾಪ್ತಿಗೆ ಬಂದದ್ದು ಆಗ. ಮಗುವಿನ ಆರೈಕೆ ಹೊತ್ತವರೂ ಪಾಲಕರೆನಿಸಿ, ನ್ಯಾಯಾಲಯದ ಅನುಮತಿಯೊಂದಿಗೆ ಅದನ್ನು ಕೊಡಬಹುದಾಯಿತು. ಅನಾಥಾಲಯಗಳು ದತ್ತು ಕೊಡುವ ಪಕ್ಷವಾಗಿ ನಿಂತದ್ದು ಈ ತಿದ್ದುಪಡಿಯ ಆಸರೆಯಲ್ಲಿ. ಹಾಲಿನ ಪುಡಿ, ಆಯಾಳ ಸಂಬಳ, ಕಾಮಾಲೆಯಾದ ಕೂಸಿನ ಆಸ್ಪತ್ರೆ ಬಿಲ್ಲು, ಇವೆಲ್ಲ ದತ್ತಕದ ಲೆಕ್ಕಕ್ಕೆ ಬಂದವು. ಆದರೂ 17ನೆಯ ಕಲಮನ್ನು ಯಾರೂ ಮುಟ್ಟಲಿಲ್ಲ. ನನ್ನ ಹಿರಿಯರ ಗ್ರಂಥದಲ್ಲಿ 1962ಕ್ಕೆ ಸಿಕ್ಕಿರುವುದು ಒಂದೇ ವಾಕ್ಯ. ನನ್ನ ದೃಷ್ಟಿಯಲ್ಲಿ ಶುಲ್ಕದ ಅಸ್ಪಷ್ಟತೆಯ ಚರಿತ್ರೆ ಅಲ್ಲಿಂದಲೇ ಆರಂಭವಾಗಬೇಕು. ನಿಜವಾದ ಖರ್ಚು ಎದುರಿಗಿದೆ. ಅದನ್ನು ಅರ್ಜಿಯಲ್ಲಿ ಬರೆಯಲು 9(5) ಅವಕಾಶ ಕೊಡುತ್ತದೆ. ಬರೆದರೆ 17ರ ಭಯ. ಇಂಥ ಇಕ್ಕಟ್ಟಿನಲ್ಲಿ ಯಾವ ವಕೀಲರೂ ಕೊಡುವ ಸಲಹೆ ಒಂದೇ: ಬರೆಯಬೇಡಿ, ದೇಣಿಗೆ ಎನ್ನಿ. ಹಾಗೆ ದೇಣಿಗೆಯಾದ ಹಣಕ್ಕೆ ಮಿತಿಯೂ ಇಲ್ಲ, ನ್ಯಾಯಾಧೀಶರ ಕಣ್ಣೂ ಇಲ್ಲ. ಸಾಲದ್ದಕ್ಕೆ 17ರಡಿ ಮೊಕದ್ದಮೆ ಹೂಡಲು ರಾಜ್ಯ ಸರ್ಕಾರದ ಇಲ್ಲವೆ ಅದು ಅಧಿಕಾರ ಕೊಟ್ಟ ಅಧಿಕಾರಿಯ ಪೂರ್ವಾನುಮತಿ ಬೇಕು. ಪ್ರಾಮಾಣಿಕ ಸಂಸ್ಥೆಯ ಬಾಯಿ ಮುಚ್ಚಿಸಿದ ಕಲಂ ಅಪ್ರಾಮಾಣಿಕರಿಗೆ ಹೀಗೆ ರಕ್ಷಣೆಯನ್ನೂ ಒದಗಿಸಿತು.

ಇನ್ನು 1984ರ ಫೆಬ್ರವರಿ 6ರ ಲಕ್ಷ್ಮೀಕಾಂತ ಪಾಂಡೆ ತೀರ್ಪು. ವಿದೇಶಿ ದತ್ತಕದ ಬಗ್ಗೆ ವಕೀಲರೊಬ್ಬರು ಬರೆದ ಪತ್ರವನ್ನೇ ರಿಟ್ ಅರ್ಜಿಯೆಂದು ಪರಿಗಣಿಸಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ಈ ತೀರ್ಪಿನ ಬಗ್ಗೆ ನನಗೆ ಅಪಾರ ಆದರವಿದೆ. ನಂತರ ಬಂದ ನಿಯಮಗಳಲ್ಲಿರುವ ಒಳ್ಳೆಯದರ ಬಹುಪಾಲು ಅದರಿಂದ ಹುಟ್ಟಿದ್ದು. ಆದರೆ ಅದು ಹಣವನ್ನು ನಿಷೇಧಿಸಿತೆಂದು ಬರೆಯುವವರು ಹೆಡ್‌ನೋಟ್ ದಾಟಿ ಮುಂದೆ ಹೋಗಿಲ್ಲ. ಮಗುವನ್ನು ವಿದೇಶಿ ದಂಪತಿ ಆರಿಸಿಕೊಂಡ ದಿನದಿಂದ ಅದು ಹೊರಡುವ ದಿನದವರೆಗೆ ದಿನಕ್ಕೆ 60 ರೂಪಾಯಿ ಮೀರದಂತೆ ಪೋಷಣೆಯ ವೆಚ್ಚವನ್ನೂ, ನಿಜವಾಗಿ ಆದ ವೈದ್ಯಕೀಯ ವೆಚ್ಚವನ್ನೂ ಪಡೆಯಬಹುದೆಂದು ಅದು ಹೇಳಿತು. ಈ ಹಣ ನೇರವಾಗಿ ಬರದೆ ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಬರಬೇಕು. ಸ್ವಇಚ್ಛೆಯ ದೇಣಿಗೆಯನ್ನೂ ಅದು ತಡೆಯಲಿಲ್ಲ. ಮಗು ದತ್ತು ಪಡೆದವರ ದೇಶ ಮುಟ್ಟಿದ ಮೇಲಷ್ಟೇ ಸ್ವೀಕರಿಸಬೇಕೆಂದಿತು.

ಲೆಕ್ಕ ಹಾಕಿ ನೋಡೋಣ. ವಿದೇಶಿ ದಂಪತಿಯ ಪಾಲಕತ್ವದ ಅರ್ಜಿಯನ್ನು ಎರಡು ತಿಂಗಳಲ್ಲಿ ಮುಗಿಸಬೇಕೆಂದು ಅದೇ ತೀರ್ಪು ಸೂಚಿಸಿತ್ತು. ಅರವತ್ತು ದಿನಕ್ಕೆ 3,600 ರೂಪಾಯಿ. ಅದೇ ವ್ಯವಹಾರ ಒಂದು ವರ್ಷ ಎಳೆದರೆ 21,900. ವಿಳಂಬವೇ ಸಂಸ್ಥೆಗೆ ಆದಾಯವಾಯಿತು. ಅದಕ್ಕಿಂತ ಗಂಭೀರವಾದದ್ದು ಎಣಿಕೆ ಶುರುವಾಗುವ ದಿನ. ಯಾರೂ ಆರಿಸದೆ ತೊಟ್ಟಿಲಲ್ಲಿ ಕಳೆದ ತಿಂಗಳುಗಳು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕಾಯಿಲೆಯ ಮಗು, ಐದು ವರ್ಷ ದಾಟಿದ ಮಗು, ಕಪ್ಪು ಮೈಬಣ್ಣದ ಮಗು ಹೆಚ್ಚು ಕಾಲ ಕಾಯುತ್ತವೆ. ಹೆಚ್ಚು ಖರ್ಚೂ ಅವಕ್ಕೇ. ಆ ಖರ್ಚನ್ನು ತುಂಬಲು ತೀರ್ಪು ಉಳಿಸಿದ ಏಕೈಕ ದಾರಿ ದೇಣಿಗೆ. ಹಣ ಮಾನ್ಯ ಸಂಸ್ಥೆಯ ಕೈಯಿಂದಲೇ ಬರಬೇಕಾದ್ದರಿಂದ ಜಿಲ್ಲೆಗಳ ಸಣ್ಣ ಆಶ್ರಮಗಳು ನಗರದ ಸಂಸ್ಥೆಗಳ ಮುಖ ನೋಡುವಂತಾಯಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಮತ್ತು ಥುರ್ಗಾವ್ ಪ್ರಾಂತ್ಯಗಳಿಗೆ 1973ರಿಂದ 2002ರವರೆಗೆ ಭಾರತದಿಂದ ಹೋದ ಮಕ್ಕಳ ಬಗ್ಗೆ 2024ರಲ್ಲಿ ಪ್ರಕಟವಾದ ಅಧ್ಯಯನ, ಕಡತಗಳಲ್ಲಿ ಹೆತ್ತ ತಾಯಿಯ ಒಪ್ಪಿಗೆಯೇ ಇಲ್ಲದ್ದನ್ನು ಎತ್ತಿ ತೋರಿಸಿದೆ. ಆರಿಸಿಕೊಂಡ ದಿನದಿಂದಷ್ಟೇ ಎಣಿಸುವ ನಮ್ಮ ಲೆಕ್ಕಪುಸ್ತಕವೂ ಆಕೆಯ ಕಾಲವನ್ನು ದಾಖಲಿಸಲಿಲ್ಲವೆಂಬುದನ್ನು ಅದರ ಜೊತೆ ಇಟ್ಟು ಓದಬೇಕು.

ಈ ತೀರ್ಪಿನ ಮಾತೆಲ್ಲ ವಿದೇಶಿ ದತ್ತಕಕ್ಕೆ ಸೀಮಿತ. ಬಸವನಗುಡಿಯಿಂದಲೋ ಮಲ್ಲೇಶ್ವರದಿಂದಲೋ ಹೋಗಿ ಮಗು ಕೇಳಿದ ದಂಪತಿಗೆ 1984ರ ನಂತರವೂ ಆ ತೀರ್ಪಿನಲ್ಲಿ ಯಾವ ಅಂಕಿಯೂ ಸಿಗುತ್ತಿರಲಿಲ್ಲ. ಅವರ ಪಾಲಿಗೆ ಉಳಿದದ್ದು ಯಾರೂ ಬಳಸದ 9(5), ಎಲ್ಲರೂ ಹೆದರುವ 17.

ಚಾಮರಾಜಪೇಟೆಯ ಪ್ರಕರಣವನ್ನು ಇಲ್ಲಿಗೆ ಎಳೆತರುವವರಿಗೆ ಒಂದು ಮಾತು. ಅಲ್ಲಿನ ಬಿಬಿಎಂಪಿ ಹೆರಿಗೆ ಆಸ್ಪತ್ರೆಯಿಂದ 2020ರ ಮೇ ತಿಂಗಳಲ್ಲಿ ಕಳವಾದ ನವಜಾತ ಶಿಶುವನ್ನು, ಬಾಡಿಗೆ ತಾಯಿಯ ಮೂಲಕ ಹುಟ್ಟಿದ ನಿಮ್ಮದೇ ಮಗುವೆಂದು ನಂಬಿಸಿ ಉತ್ತರ ಕರ್ನಾಟಕದ ದಂಪತಿಗೆ ಸುಮಾರು 15 ಲಕ್ಷ ರೂಪಾಯಿಗೆ ಒಪ್ಪಿಸಲಾಗಿತ್ತೆಂದು ಪೊಲೀಸರು ಹೇಳಿದರು. ಮರುವರ್ಷ ಸಾಕಿದಾಕೆಯ ಪರ ಯಶೋದೆಯ ಉದಾಹರಣೆ ಎತ್ತಿದ ವಾದವನ್ನು ಹೈಕೋರ್ಟ್ ಒಪ್ಪಲಿಲ್ಲ; ಮಗು ಹೆತ್ತ ತಾಯಿಯ ಮಡಿಲಿಗೆ ಮರಳಿತು. ಇದನ್ನು 'ದತ್ತು ದಂಧೆ' ಎಂದು ಕರೆಯುವುದು ಚರಿತ್ರೆಗೆ ಅಪಚಾರ. ಅಲ್ಲಿ ದತ್ತಕವೇ ನಡೆದಿರಲಿಲ್ಲ, ನಡೆದದ್ದು ಕಳವು. ಎರಡನ್ನೂ ಒಂದೇ ಹೆಸರಿನಲ್ಲಿ ಕೂಗಿದರೆ ಕಾಗದಪತ್ರ ಸರಿಯಿದ್ದೂ ಲೆಕ್ಕ ಮರೆಯಾದ ಪ್ರಕರಣಗಳು ಕಣ್ತಪ್ಪಿ ಹೋಗುತ್ತವೆ.

ಮತ್ತೆ ಶುಲ್ಕಕ್ಕೆ ಬರೋಣ. ಕೇಂದ್ರ ದತ್ತಕ ಸಂಪನ್ಮೂಲ ಪ್ರಾಧಿಕಾರದ 2015ರ ಮಾರ್ಗಸೂಚಿ ದೇಶದೊಳಗಿನ ದಂಪತಿಗೆ ಮಕ್ಕಳ ಆರೈಕೆ ನಿಧಿಯೆಂದು 40,000 ರೂಪಾಯಿಯನ್ನೂ, ಗೃಹ ಅಧ್ಯಯನಕ್ಕೆ 6,000 ರೂಪಾಯಿಯನ್ನೂ ಗೊತ್ತುಪಡಿಸಿತು. ಆರಿಸಿಕೊಂಡ ದಿನ ಯಾವುದು, ಎಷ್ಟು ದಿನವಾಯಿತು ಎಂಬ ಲೆಕ್ಕದ ಹಂಗು ಮೊತ್ತಕ್ಕೆ ಉಳಿಯಲಿಲ್ಲ. ಇದನ್ನು ದೊಡ್ಡ ಸುಧಾರಣೆಯೆಂದೇ ಎಣಿಸುತ್ತೇನೆ. ಆದರೆ ವಿದೇಶದವರಿಗೆ ನಿಗದಿಯಾದದ್ದು 5,000 ಡಾಲರ್, ಆಗಿನ ದರದಲ್ಲಿ ಮೂರು ಲಕ್ಷ ರೂಪಾಯಿಗೂ ಮೇಲೆ. ತೊಟ್ಟಿಲು ಅದೇ, ಆಯಾ ಅವಳೇ, ಹಾಲಿನ ಪುಡಿಯೂ ಅದೇ. ಈ ಅಂತರವನ್ನು ವೆಚ್ಚದ ಯಾವ ಬಾಬತ್ತೂ ವಿವರಿಸದು. ನ್ಯಾಯಾಧೀಶರ ಎದುರು ಬಾಬತ್ತು ಬಾಬತ್ತಾಗಿ ಬರೆದು ಮಂಜೂರು ಪಡೆಯುವ 9(5)ರ ಕ್ರಮವಾದರೆ ಆ ವಿವರಣೆಯನ್ನು ಕೇಳದೆ ಬಿಡುತ್ತಿರಲಿಲ್ಲ.