ಐ-94 ದಾರಿಯ ಇಬ್ಬರು ಪ್ರವಾದಿಗಳು

ಐ-94 ಹೆದ್ದಾರಿ ನಿಮಗೆ ಗೊತ್ತೇ ಇರುತ್ತೆ. ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟದವರು ಡೆಟ್ರಾಯಿಟ್ ಕಡೆಯ ಪಂಪ ಕನ್ನಡ ಕೂಟದ ಗೆಳೆಯರನ್ನು ನೋಡಲು ಹೊರಟರೆ ಸಾಮಾನ್ಯವಾಗಿ ಹಿಡಿಯುವುದು ಅದೇ ದಾರಿ. ಮಿಷಿಗನ್ ಸರೋವರವನ್ನು ಬಳಸಿಕೊಂಡು ಹೋಗುವ ಈ ರಸ್ತೆಯ ಆಸುಪಾಸಿನಲ್ಲಿ, ನೂರ ಇಪ್ಪತ್ತು ವರ್ಷಗಳ ಹಿಂದೆ, ಇಬ್ಬರು ಮನುಷ್ಯರು ತಮ್ಮನ್ನು ದೇವರೇ ವಿಶೇಷವಾಗಿ ಕಳಿಸಿದ್ದಾನೆ ಅಂತ ಸಾರಿದರು. ಜನ ನಂಬಿದರು. ಮನೆ ಮಾರಿ, ಉಳಿತಾಯ ತಂದು, ಮಕ್ಕಳನ್ನು ಕಟ್ಟಿಕೊಂಡು ಅವರ ಊರಿಗೆ ಬಂದರು. ಒಬ್ಬ ಜಾನ್ ಅಲೆಕ್ಸಾಂಡರ್ ಡೌವಿ. ಇನ್ನೊಬ್ಬ ಬೆಂಜಮಿನ್ ಪರ್ನೆಲ್.

ಇವರ ಕಥೆ ಹೇಳೋಕೆ ಒಂದು ಕಾರಣ ಇದೆ. ಸುಳ್ಳು ಪ್ರವಾದಿಯನ್ನು ಗುರುತಿಸುವುದು ಹೇಗೆ ಅನ್ನೋದು ಕ್ರೈಸ್ತ ಧರ್ಮದಷ್ಟೇ ಹಳೆಯ ಪ್ರಶ್ನೆ. ನೀವು ಕ್ರೈಸ್ತರಾಗಿರಬೇಕಿಲ್ಲ, ಬಾಬಾ, ಸ್ವಾಮಿ, ಗುರೂಜಿಗಳನ್ನು ನೋಡಿ ಬೆಳೆದ ನಮಗೆಲ್ಲ ಈ ಪ್ರಶ್ನೆ ಹೊಸದಲ್ಲ.

ಮೊದಲು ಪದ. ಕನ್ನಡ ಬೈಬಲಿನಲ್ಲಿ ‘ಪ್ರವಾದಿ’ ಅಂದರೆ ಬರೀ ಭವಿಷ್ಯ ಹೇಳುವವನಲ್ಲ, ದೇವರ ಪರವಾಗಿ ಮಾತಾಡುವವನು. ಹಾಗಾಗಿ ಸುಳ್ಳು ಪ್ರವಾದಿ ಅಂದರೆ ದೇವರು ಆಡದ ಮಾತಿಗೆ ದೇವರ ಸಹಿ ಹಾಕುವವನು.

ನಾಲ್ಕು ಹಳೆಯ ಪರೀಕ್ಷೆಗಳು

ಒಂದನೆಯದು ಧರ್ಮೋಪದೇಶಕಾಂಡದ್ದು: ಹೇಳಿದ ಮಾತು ನಡೆಯದಿದ್ದರೆ ಅದು ದೇವರ ಮಾತಲ್ಲ. ಹನನ್ಯ ಎಂಬವನು ಬಾಬಿಲೋನಿನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತೆ ಅಂದ, ಮುರಿಯಲಿಲ್ಲ. ಎರಡನೆಯದೂ ಅದೇ ಪುಸ್ತಕದ್ದು: ಹೇಳಿದ್ದು ನಡೆದರೂ, ಬೇರೆ ದೇವರ ಕಡೆಗೆ ಕರೆದರೆ ನಂಬಬೇಡಿ. ಮೂರನೆಯದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಹೇಳುವುದು: ಕುರಿಯ ವೇಷದ ತೋಳಗಳನ್ನು ಅವುಗಳ ಫಲದಿಂದ ಗುರುತಿಸಿ. ನಮ್ಮ ‘ಗೋಮುಖ ವ್ಯಾಘ್ರ’ದ ಅಣ್ಣತಮ್ಮ ಇದು.

ನಾಲ್ಕನೆಯದು ಬೈಬಲಿನಲ್ಲಿಲ್ಲ. ‘ದಿದಖೆ’ ಅನ್ನೋದು ಆದಿ ಕ್ರೈಸ್ತರ ಒಂದು ಚಿಕ್ಕ ಕೈಪಿಡಿ. ಶತಮಾನಗಳ ಕಾಲ ಕಳೆದುಹೋಗಿತ್ತು; 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಸ್ತಪ್ರತಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಊರಿಂದೂರಿಗೆ ತಿರುಗುವ ಬೋಧಕರನ್ನು ಹೇಗೆ ಪರೀಕ್ಷಿಸಬೇಕು ಅಂತ ಅದು ಹೇಳುವುದನ್ನು ಓದಿದರೆ ನಗು ಬರುತ್ತೆ, ಅಷ್ಟು ವ್ಯಾವಹಾರಿಕ. ಮನೆಗೆ ಬಂದವನು ಒಂದು ದಿನ ಇರಲಿ, ಬೇಕಾದರೆ ಎರಡು ದಿನ. ಮೂರನೇ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ರೊಟ್ಟಿ ಮಾತ್ರ ಕೊಡಿ. ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಆವೇಶದಲ್ಲಿ ಊಟ ಹಾಕಿಸಿ ಅಂದವನು ತಾನೇ ಅದನ್ನು ತಿನ್ನಬಾರದು. ಬಡವರಿಗಾಗಿ ಕೇಳಿದರೆ ಸರಿ, ತನಗಾಗಿ ಕೇಳಿದರೆ ಕಿವಿಗೊಡಬೇಡಿ.

ಚಾತುರ್ಮಾಸ್ಯ ಬಿಟ್ಟರೆ ಸನ್ಯಾಸಿ ಒಂದೇ ಊರಲ್ಲಿ ನಿಲ್ಲಬಾರದು ಅನ್ನೋ ನಮ್ಮ ಹಳೆಯ ನಿಯಮ ನೆನಪಾಯ್ತಾ? ಕಾಳಜಿ ಹೆಚ್ಚುಕಮ್ಮಿ ಅದೇ. ಇನ್ನೊಂದು ಸೂಕ್ಷ್ಮ ಇದೆ. ಪ್ರವಾದಿ ಆವೇಶದಲ್ಲಿ ಆಡುವ ಮಾತನ್ನು ಪರೀಕ್ಷಿಸಲೇಬೇಡಿ ಅಂತಲೂ ದಿದಖೆ ಹೇಳುತ್ತೆ. ಪರೀಕ್ಷೆ ಮಾತಿಗಲ್ಲ, ನಡತೆಗೆ.

ನನ್ನ ಕೆಲಸ ಡೇಟಾ ಸೈನ್ಸ್. ಒಂದು ಪರೀಕ್ಷೆ ಒಳ್ಳೆಯದಾ ಅಂತ ನೋಡುವಾಗ ನಾವು ಎರಡು ಪ್ರಶ್ನೆ ಕೇಳ್ತೀವಿ. ಸರಿಯಾಗಿ ಹಿಡಿಯುತ್ತಾ? ಮತ್ತು ಹೊತ್ತು ಮೀರುವ ಮೊದಲೇ ಹಿಡಿಯುತ್ತಾ? ಈ ಎರಡು ಪ್ರಶ್ನೆ ಇಟ್ಟುಕೊಂಡು ನಮ್ಮ ಇಬ್ಬರ ಕಡೆ ಬನ್ನಿ.

ಚೀಯೋನ್ ಕಟ್ಟಿದವನು

ಡೌವಿ ಹುಟ್ಟಿದ್ದು 1847ರಲ್ಲಿ, ಎಡಿನ್‌ಬರೋದಲ್ಲಿ. ಆಸ್ಟ್ರೇಲಿಯಾದಲ್ಲಿ ಪಾದ್ರಿಯಾಗಿ, 1888ರಲ್ಲಿ ಅಮೆರಿಕಕ್ಕೆ ಬಂದ. 1893ರಲ್ಲಿ ಶಿಕಾಗೋದ ವಿಶ್ವ ಮೇಳದ ಬಾಗಿಲ ಬಳಿಯೇ ಒಂದು ಮರದ ಪ್ರಾರ್ಥನಾ ಮಂದಿರ ಎಬ್ಬಿಸಿದ. ಹೌದು, ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ ಅದೇ ವರ್ಷ, ಅದೇ ಊರು. ಅವತ್ತಿನ ಶಿಕಾಗೋದಲ್ಲಿ ಧರ್ಮದ ಮಾತಿಗೆ ದೊಡ್ಡ ಸಂತೆಯೇ ನೆರೆದಿತ್ತು ಅನ್ನಿ.

ಡೌವಿಯ ಸರಕು ಪ್ರಾರ್ಥನೆಯಿಂದ ರೋಗ ವಾಸಿ. ವೈದ್ಯರು ಬೇಡ, ಔಷಧಿ ಬೇಡ. ‘ಲೀವ್ಸ್ ಆಫ್ ಹೀಲಿಂಗ್’ ಅನ್ನೋ ಅವನ ಪತ್ರಿಕೆಯ ತುಂಬ ಗುಣವಾದವರ ಸಾಕ್ಷಿ. ಮಂದಿರದ ಗೋಡೆ ಮೇಲೆ ಜನ ಬಿಟ್ಟುಹೋದ ಊರುಗೋಲುಗಳು. ಇಲ್ಲಿ ಸ್ವಲ್ಪ ನಿಲ್ಲಿ. ಗುಣವಾದವನು ಊರುಗೋಲು ಬಿಟ್ಟುಹೋಗ್ತಾನೆ. ಗುಣವಾಗದವನು ಅದನ್ನು ಊರಿಕೊಂಡೇ ಮನೆಗೆ ಹೋಗ್ತಾನೆ. ಸತ್ತವನು ಪತ್ರಿಕೆಗೆ ಕಾಗದ ಬರೆಯಲ್ಲ. ಗೋಡೆ ಯಾವತ್ತೂ ಒಂದೇ ಕಡೆಯ ಲೆಕ್ಕ ತೋರಿಸುತ್ತೆ.

1896ರಲ್ಲಿ ಡೌವಿ ಕ್ರಿಶ್ಚಿಯನ್ ಕ್ಯಾಥೊಲಿಕ್ ಚರ್ಚ್ ಸ್ಥಾಪಿಸಿದ. ಹೆಸರು ಕೇಳಿ ಗೊಂದಲ ಬೇಡ, ರೋಮಿಗೂ ಇದಕ್ಕೂ ಸಂಬಂಧವಿಲ್ಲ. 1900ರ ಮೊದಲ ದಿನ ಶಿಕಾಗೋದ ಉತ್ತರಕ್ಕೆ ಸುಮಾರು 6,600 ಎಕರೆಯ ಹೊಸ ಊರಿನ ನಕ್ಷೆ ಬಿಚ್ಚಿಟ್ಟ. ಅದೇ ಇವತ್ತಿನ ಝಯಾನ್, ಕನ್ನಡ ಬೈಬಲಿನ ಚೀಯೋನ್. 1901ರ ಜೂನ್ ತಿಂಗಳಲ್ಲಿ, ತಾನೇ ಮತ್ತೆ ಬಂದಿರುವ ಪ್ರವಾದಿ ಎಲೀಯ ಎಂದು ಘೋಷಿಸಿದ.

ಅಲ್ಲಿಗೆ ಹೋದವರನ್ನು ದಡ್ಡರು ಅಂತ ತಳ್ಳಿಹಾಕಬೇಡಿ. 1893ರ ಆರ್ಥಿಕ ಕುಸಿತ ಕಂಡವರು ಅವರು. ಝಯಾನ್‌ನಲ್ಲಿ ಹೆಂಡದಂಗಡಿ ಇಲ್ಲ, ಜೂಜು ಇಲ್ಲ, ತಂಬಾಕು ಇಲ್ಲ. ಲೇಸ್ ಕಾರ್ಖಾನೆಯಲ್ಲಿ ಕೆಲಸ. ಕರಿಯರು ಬಿಳಿಯರು ಒಂದೇ ಸಭೆಯಲ್ಲಿ ಕೂರಬಹುದಿತ್ತು; ಆಗಿನ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಆರೇಳು ಸಾವಿರ ಜನ ಸೇರಿದರು.

ಆದರೆ ಕಾಗದಪತ್ರ ನೋಡಿ. ಮನೆಯ ನಿವೇಶನ ಮಾರಾಟಕ್ಕಿಲ್ಲ, 1,100 ವರ್ಷದ ಗೇಣಿಗೆ ಮಾತ್ರ. ಊರಿನ ಬ್ಯಾಂಕು, ಕಾರ್ಖಾನೆ, ಭೂಮಿ ಎಲ್ಲ ಒಬ್ಬನ ಹೆಸರಲ್ಲಿ: ಡೌವಿ. ಜನ ಉಳಿತಾಯವನ್ನು ಆ ಬ್ಯಾಂಕಿನಲ್ಲಿಟ್ಟರು, ಆ ಕಾರ್ಖಾನೆಯ ಷೇರು ಕೊಂಡರು. ಲೆಕ್ಕ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಎಲೀಯನ ಹತ್ತಿರ ಪಾಸ್‌ಬುಕ್ ಕೇಳೋರು ಯಾರು?

1902ರಲ್ಲಿ ಅವನ ಮಗಳು ಎಸ್ತರ್ ಸ್ಪಿರಿಟ್ ದೀಪದ ಬೆಂಕಿಯಲ್ಲಿ ಸುಟ್ಟುಕೊಂಡು ತೀರಿಕೊಂಡಳು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗಿ. ತಂದೆಯ ಪ್ರಾರ್ಥನೆ ಉಳಿಸಲಿಲ್ಲ. 1903ರ ಅಕ್ಟೋಬರ್‌ನಲ್ಲಿ ಡೌವಿ ಸಾವಿರಾರು ಭಕ್ತರನ್ನು ವಿಶೇಷ ರೈಲುಗಳಲ್ಲಿ ನ್ಯೂಯಾರ್ಕಿಗೆ ಕರೆದೊಯ್ದ. ದುಡ್ಡು ಕರಗಿತು, ನ್ಯೂಯಾರ್ಕ್ ಕರಗಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಸಾಲಗಾರರ ಅರ್ಜಿಯ ಮೇಲೆ ಕೋರ್ಟು ಝಯಾನ್ ಆಸ್ತಿಗೆ ಆಡಳಿತಗಾರರನ್ನು ನೇಮಿಸಿತು. ಹೇಗೋ ಸುಧಾರಿಸಿಕೊಂಡ. 1905ರಲ್ಲಿ ಪಾರ್ಶ್ವವಾಯು. 1906ರಲ್ಲಿ, ಅವನು ಊರಲ್ಲಿಲ್ಲದಾಗ, ಅವನೇ ಅಧಿಕಾರ ಕೊಟ್ಟಿದ್ದ ವಿಲ್ಬರ್ ಗ್ಲೆನ್ ವೊಲಿವಾ ಅವನನ್ನು ಕೆಳಗಿಳಿಸಿದ. ನ್ಯಾಯಾಧೀಶ ಕೆನಿಸಾ ಮೌಂಟನ್ ಲ್ಯಾಂಡಿಸ್ ಕೊಟ್ಟ ತೀರ್ಪು: ಈ ಆಸ್ತಿ ಡೌವಿಯದಲ್ಲ, ಸಭೆಯದು. 1907ರ ಮಾರ್ಚ್ 9ರಂದು ಡೌವಿ ಸತ್ತ.

ವೊಲಿವಾ ಬಂದಮೇಲೆ ಉತ್ತಮವಾಯಿತಾ? ಭೂಮಿ ಚಪ್ಪಟೆ ಅಂದ. ಗುಂಡಗಿದೆ ಅಂತ ಸಾಬೀತು ಮಾಡಿದವರಿಗೆ 5,000 ಡಾಲರ್ ಬಹುಮಾನ ಘೋಷಿಸಿದ. ಲೋಕಾಂತ್ಯಕ್ಕೆ 1923, 1927, 1930, 1935 ಅಂತ ದಿನಾಂಕ ಕೊಡುತ್ತಲೇ ಹೋದ. ಮೊದಲ ಪರೀಕ್ಷೆಯ ಪ್ರಕಾರ 1923ರಲ್ಲೇ ಫೇಲು. ಆದರೂ ಊರು ಅವನ ಹಿಡಿತದಲ್ಲಿ ಮುಂದೆಯೂ ವರ್ಷಗಟ್ಟಲೆ ಇತ್ತು. ದಿನಾಂಕ ತಪ್ಪಿದರೆ ಹೊಸ ದಿನಾಂಕ, ಅಷ್ಟೇ.

ಸಾವಿಲ್ಲ ಅಂದವನು

ಈಗ ಡೆಟ್ರಾಯಿಟ್ ಕಡೆಗೆ ತಿರುಗಿ. 1890ರ ದಶಕದ ಆರಂಭದಲ್ಲಿ ಅಲ್ಲಿ ಮೈಕಲ್ ಮಿಲ್ಸ್ ಎಂಬವನ ಪಂಥ ಇತ್ತು. ಪ್ರಕಟನೆ ಗ್ರಂಥದ ಏಳು ದೂತರ ಸಾಲಿನಲ್ಲಿ ತಾನೂ ಒಬ್ಬ ಅನ್ನೋದು ಅವನ ವಾದ. 1892ರಲ್ಲಿ ಪಂಥದ ಹುಡುಗಿಯ ಮೇಲಿನ ಅಪರಾಧಕ್ಕಾಗಿ ಮಿಲ್ಸ್ ಜೈಲಿಗೆ ಹೋದ. ಆ ಪಂಥ ಸೇರಿದ್ದ ಕೆಂಟಕಿಯ ಬೆಂಜಮಿನ್ ಪರ್ನೆಲ್, 1895ರಲ್ಲಿ ತಾನೇ ಏಳನೆಯ ದೂತ ಎಂದ. ಡೆಟ್ರಾಯಿಟ್‌ನವರು ಹೊರಹಾಕಿದರು. ಒಹಾಯೋದ ಫೊಸ್ಟೋರಿಯಾದಲ್ಲಿ ಕೆಲಕಾಲ ಇದ್ದು, 1903ರಲ್ಲಿ ಹೆಂಡತಿ ಮೇರಿಯ ಜೊತೆ ಮಿಷಿಗನ್‌ನ ಬೆಂಟನ್ ಹಾರ್ಬರ್ ಸೇರಿ ‘ಹೌಸ್ ಆಫ್ ಡೇವಿಡ್’ ಕಟ್ಟಿದ.

ಅವನ ವಾಗ್ದಾನ ಡೌವಿಗಿಂತ ದೊಡ್ಡದು. ಮಾಂಸ ಬಿಡಿ, ಕೂದಲು ಗಡ್ಡ ಕತ್ತರಿಸಬೇಡಿ, ಬ್ರಹ್ಮಚರ್ಯದಲ್ಲಿರಿ, ಆಸ್ತಿಯನ್ನೆಲ್ಲ ಒಪ್ಪಿಸಿ. ನಿಮ್ಮ ಈ ದೇಹಕ್ಕೇ ಸಾವಿಲ್ಲ. 1905ರಲ್ಲಿ ಆಸ್ಟ್ರೇಲಿಯಾದಿಂದಲೇ 85 ಜನ ಬಂದರು. ಪಂಥದವರು ಬಲು ಶ್ರಮಜೀವಿಗಳು: ಹಣ್ಣಿನ ತೋಟ, ಪುಟಾಣಿ ರೈಲಿನ ಮನರಂಜನಾ ಪಾರ್ಕು, ದೇಶವೆಲ್ಲ ಸುತ್ತಿ ಆಡಿದ ಉದ್ದ ಗಡ್ಡದ ಬೇಸ್‌ಬಾಲ್ ತಂಡ. ಶಿಕಾಗೋದಿಂದ ಜನ ನೋಡೋಕೆ ಬರುತ್ತಿದ್ದರು.

ಬೆಂಟನ್ ಹಾರ್ಬರ್‌ಗೆ ಬರುವ ಮೊದಲೇ, ಫೊಸ್ಟೋರಿಯಾದ ಪಟಾಕಿ ಕಾರ್ಖಾನೆಯ ಸ್ಫೋಟದಲ್ಲಿ ಪರ್ನೆಲ್‌ನ ಹದಿಹರೆಯದ ಮಗಳು ಹೆಟ್ಟಿ ಸತ್ತಿದ್ದಳು. ಸಾವಿಲ್ಲ ಎಂದು ಸಾರುವವನು ಮಗಳ ಮಣ್ಣಿಗೂ ಹೋಗಲಿಲ್ಲ. ಊರವರಿಗೆ ಅದೇ ಸಾಕಾಯಿತು, ಅವನನ್ನು ಓಡಿಸಿದರು. ಅನುಯಾಯಿಗಳಿಗೆ ಸಾಕಾಗಲಿಲ್ಲ. ಡೌವಿಗೂ ಪರ್ನೆಲ್‌ಗೂ ತಮ್ಮ ಬೋಧನೆಯ ಪರೀಕ್ಷೆ ಮಗಳ ಸಾವಾಗಿ ಮನೆಗೇ ಬಂತು. ಇಬ್ಬರೂ ಬೋಧನೆಯನ್ನು ಬದಲಿಸಲಿಲ್ಲ.

ಪಂಥದಲ್ಲಿ ಬೆಳೆದ ಹಲವು ಯುವತಿಯರು, ಚಿಕ್ಕವರಿದ್ದಾಗ ಪರ್ನೆಲ್ ತಮ್ಮ ಮೇಲೆ ದೌರ್ಜನ್ಯ ಮಾಡಿದ ಎಂದು ದೂರಿದರು. ಅವನು ವರ್ಷಗಟ್ಟಲೆ ಕಣ್ಮರೆಯಾದ. 1926ರ ನವೆಂಬರ್‌ನಲ್ಲಿ ಪೊಲೀಸರು ಹಿಡಿದರು. ಎಲ್ಲಿ ಗೊತ್ತಾ? ಪಂಥದ ಆವರಣದಲ್ಲೇ. 1927ರ ನವೆಂಬರ್‌ನಲ್ಲಿ ನ್ಯಾಯಾಧೀಶ ಲೂಯಿಸ್ ಫೆಡ್ ಪರ್ನೆಲ್ ವಿರುದ್ಧ ತೀರ್ಪು ಕೊಟ್ಟ. ಮೇಲಿನ ಕೋರ್ಟು ಆಮೇಲೆ ಅದನ್ನು ಭಾಗಶಃ ಬದಲಿಸಿತು, ಆದರೆ ಅಷ್ಟರಲ್ಲಿ, ಆ ಡಿಸೆಂಬರ್‌ನಲ್ಲೇ, ಸಾವಿಲ್ಲದವನು ಸತ್ತಿದ್ದ.

ಯಾವ ಪರೀಕ್ಷೆ ಮೊದಲು ಹಿಡಿಯಿತು?

ಈಗ ಅಂಕ ಹಾಕೋಣ. ಭವಿಷ್ಯದ ಪರೀಕ್ಷೆ ಪರ್ನೆಲ್‌ನನ್ನು ಹಿಡಿದದ್ದು ಅವನು ಸತ್ತ ದಿನ. ವೊಲಿವಾನನ್ನು ನಾಲ್ಕು ಸಲ ಹಿಡಿದರೂ ಬಿಟ್ಟುಕೊಟ್ಟಿತು. ಬೋಧನೆಯ ಪರೀಕ್ಷೆ ಇಲ್ಲಿ ಕೆಲಸಕ್ಕೇ ಬರಲಿಲ್ಲ. ಬೈಬಲನ್ನು ಇಬ್ಬರೂ ಬಾಯಿತುಂಬ ಹೇಳುತ್ತಿದ್ದರು, ಬೇರೆ ದೇವರನ್ನು ಯಾರೂ ತೋರಿಸಲಿಲ್ಲ.

ಫಲದ ಪರೀಕ್ಷೆ ಆಳವಾದದ್ದು, ಆದರೆ ನಿಧಾನ. ಗೊಂದಲದ್ದೂ ಹೌದು. 1904ರಲ್ಲಿ ಡೌವಿ ಕಳಿಸಿದ ಡೇನಿಯಲ್ ಬ್ರಯಂಟ್ ದಕ್ಷಿಣ ಆಫ್ರಿಕಾದಲ್ಲಿ ದೀಕ್ಷಾಸ್ನಾನ ಕೊಟ್ಟ. ಅಲ್ಲಿಂದ ಕವಲೊಡೆದ ಝಯಾನಿಸ್ಟ್ ಸಭೆಗಳಲ್ಲಿ ಇವತ್ತು ಲಕ್ಷಾಂತರ ಆಫ್ರಿಕನ್ನರಿದ್ದಾರೆ. ಅವು ಅವರದೇ ನಾಯಕತ್ವದ, ಅವರದೇ ಹಾಡುಪಾಡಿನ ಸಭೆಗಳು. ಇನ್ನೊಂದು ಕಡೆ, ಪಂಜಾಬಿನ ಖಾದಿಯಾನದಿಂದ ಮಿರ್ಜಾ ಗುಲಾಂ ಅಹ್ಮದ್ 1902ರಲ್ಲಿ ಡೌವಿಗೆ ಪ್ರಾರ್ಥನೆಯ ಸವಾಲು ಹಾಕಿದ್ದರು: ನಮ್ಮಲ್ಲಿ ಸುಳ್ಳುಗಾರ ಮೊದಲು ಸಾಯಲಿ ಅಂತ. ಡೌವಿಯ ಸಾವನ್ನು ಅಹ್ಮದೀಯರು ತಮ್ಮ ಸಂಸ್ಥಾಪಕರ ಸತ್ಯಕ್ಕೆ ಸಾಕ್ಷಿ ಎಂದು ನಂಬುತ್ತಾರೆ. 2022ರಲ್ಲಿ ಝಯಾನ್‌ನಲ್ಲೇ ಅವರ ಮಸೀದಿ ತೆರೆಯಿತು. ಒಬ್ಬನ ಮರದ ಹಣ್ಣನ್ನು ಯಾರು ಯಾವ ಬುಟ್ಟಿಗೆ ಹಾಕಿಕೊಳ್ಳುತ್ತಾರೆ ಅಂತ ಮೊದಲೇ ಹೇಳೋಕಾಗಲ್ಲ.

ಉಳಿದದ್ದು ದಿದಖೆಯ ಒರಟು ಪರೀಕ್ಷೆ. ಅದಕ್ಕೆ ದೇವಶಾಸ್ತ್ರದ ಪಾಂಡಿತ್ಯ ಬೇಡ, ಲೋಕಾಂತ್ಯದವರೆಗೆ ಕಾಯಬೇಕಿಲ್ಲ. ಮೇಜು ಹಾಕಿಸಿದವನೇ ಊಟಕ್ಕೆ ಕೂತನಾ? 1901ರಲ್ಲೇ ಝಯಾನ್‌ನ ಬ್ಯಾಂಕು ಯಾರ ಹೆಸರಲ್ಲಿದೆ ಅಂತ ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಬೆಂಟನ್ ಹಾರ್ಬರ್‌ನಲ್ಲಿ ಆಸ್ತಿ ಬರೆದುಕೊಡುವ ಮುಂಚೆ, ಬಿಟ್ಟುಹೋಗಬೇಕಾದರೆ ಎಷ್ಟು ವಾಪಸ್ಸು ಅಂತ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಬ್ರಹ್ಮಚರ್ಯ ಬೋಧಿಸುವವನು ತಾನೇ ಪಾಲಿಸುತ್ತಾನಾ ಅಂತ ನೋಡಲು ಮನೆಯ ಹೆಣ್ಣುಮಕ್ಕಳ ಮಾತು ಕೇಳಿದ್ದರೆ ಸಾಕಿತ್ತು.

ಹಾಗಂತ ಲೆಕ್ಕ ಸರಿಯಿದ್ದವನೆಲ್ಲ ನಿಜವಾದ ಪ್ರವಾದಿ ಅಲ್ಲ. ಈ ಪರೀಕ್ಷೆ ಸುಳ್ಳನ್ನು ಹಿಡಿಯುತ್ತೆ, ಸತ್ಯವನ್ನು ಸಾಬೀತು ಮಾಡಲ್ಲ. ದೇವರ ವಿಷಯ ನಿಮಗೆ ಬಿಟ್ಟದ್ದು.

ಝಯಾನ್‌ಗೆ ಶಿಕಾಗೋದಿಂದ ಮೆಟ್ರಾ ರೈಲಿದೆ. ಡೌವಿಯ ಬಂಗಲೆ ಶೈಲೋ ಹೌಸ್ ಈಗ ಊರಿನ ಇತಿಹಾಸದ ಮ್ಯೂಸಿಯಂ. ಮಕ್ಕಳನ್ನು ಕರೆದುಕೊಂಡು ಹೋಗಿ. ರಸ್ತೆಗಳಿಗೆಲ್ಲ ಗೇಬ್ರಿಯಲ್, ಗಿಲಿಯಡ್, ಎಜ್ರಾ ಅಂತ ಬೈಬಲಿನ ಹೆಸರು, ಓದಿಸಿ. ಆಮೇಲೆ ಇಪ್ಪತ್ತೈದು ಕೋಣೆಯ ಆ ಮನೆ ಯಾರ ದುಡ್ಡಲ್ಲಿ ಎದ್ದಿತು ಅಂತ ಅವರೇ ಕೇಳ್ತಾರೆ. ಕೇಳಲಿ. ಹಾಗೆ ಕೇಳುವವರನ್ನು ಬಾಯಿ ಮುಚ್ಚಿಸದ ಗುರು ಸಿಕ್ಕರೆ, ಅವನ ಮಾತಿಗೆ ಸ್ವಲ್ಪ ಹೊತ್ತು ಕೂರಬಹುದು.