ಹೆಸರಿಲ್ಲದ ಹಿತ್ತಾಳೆ ವಾದ್ಯ: ಮುದ್ರೆ ಇಲ್ಲದಿದ್ದರೆ ಬ್ರಿಟಿಷರ ಕಾಲದ್ದೇ?

ಮಾಕಳಿಯ ಯಾವುದೋ ಮನೆಯ ಅಟ್ಟದಿಂದ ಹಳೇ ಟ್ರಂಪೆಟ್ ಒಂದು ಕೆಳಗಿಳಿಯಿತು ಎಂದುಕೊಳ್ಳಿ. ಗುಜರಿ ಅಂಗಡಿಯವರು ಅದನ್ನು ತೂಕಕ್ಕೆ ಹಾಕುತ್ತಾರೆ. ಹಳೇ ವಸ್ತು ಮಾರುವವರು ‘ಕಂಪನಿ ಹೆಸರಿಲ್ಲ ಅಂದರೆ ಬ್ರಿಟಿಷರ ಕಾಲದ್ದು’ ಎನ್ನುತ್ತಾರೆ. ಈ ಮಾತಿಗೆ ಆಧಾರವಿಲ್ಲ. ಬ್ರಿಟನ್ನಿನ ದೊಡ್ಡ ತಯಾರಕರು ಹೆಸರನ್ನು ಎದ್ದು ಕಾಣುವಂತೆ ಕೆತ್ತುತ್ತಿದ್ದರು. ಹೆಸರಿಲ್ಲದೆ ಹೊರಬಿದ್ದವು ಹೆಚ್ಚಾಗಿ ಅಗ್ಗದ ಮಾಲು, ಅಂಗಡಿಯವರು ತಮ್ಮ ಹೆಸರು ಹಾಕಿಕೊಳ್ಳಲೆಂದು ತರಿಸಿದ ಮಾಲು.

ಮೊದಲ ಕೆಲಸ, ತೊಳೆಯದಿರುವುದು. ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ವಾದ್ಯ ಹೊಳೆಯುತ್ತದೆ ನಿಜ, ಆದರೆ ಸವೆದು ಉಳಿದಿದ್ದ ಕೆತ್ತನೆಯೂ ಹೋಗುತ್ತದೆ. ಎಷ್ಟೋ ವಾದ್ಯಗಳು ‘ಹೆಸರಿಲ್ಲದವು’ ಆಗಿದ್ದು ಹೀಗೇ ಇರಬೇಕು ಎಂಬುದು ನಮ್ಮ ಅನುಮಾನ. ಟಾರ್ಚನ್ನು ಓರೆಯಾಗಿ ಹಿಡಿದು ಅಗಲವಾದ ಬಾಯಿ, ಮೌತ್‌ಪೀಸ್ ಕೂರುವ ಕೊಳವೆ, ನಡುವಿನ ವಾಲ್ವ್‌ನ ಹೊರಮೈ ನೋಡಿ. ಪಿಸ್ಟನ್‌ಗಳ ಮೇಲಿನ 1, 2, 3 ಸೀರಿಯಲ್ ನಂಬರ್ ಅಲ್ಲ, ಯಾವುದು ಎಲ್ಲಿ ಕೂರಬೇಕೆಂಬ ಗುರುತು ಅಷ್ಟೇ. ‘ಹಾಕ್ಸ್ ಅಂಡ್ ಸನ್’ ಎಂದಷ್ಟೇ ಮಸುಕಾಗಿ ಕಂಡರೆ ಅದು ಒಳ್ಳೆಯ ಸುಳಿವು: ಆ ಕಂಪನಿ 1930ರಲ್ಲಿ ಬೂಸಿ ಜತೆ ಸೇರಿ ‘ಬೂಸಿ ಅಂಡ್ ಹಾಕ್ಸ್’ ಆಯಿತು.

ಅಕ್ಷರವೇ ಇಲ್ಲದಿದ್ದರೆ ವಾದ್ಯದ ರಚನೆ ಮಾತಾಡುತ್ತದೆ. ಮೇಲೆ ಕೆಳಗೆ ಆಡುವ ಪಿಸ್ಟನ್ ವಾಲ್ವ್ ಬ್ರಿಟಿಷ್, ಫ್ರೆಂಚ್ ಪದ್ಧತಿ. ತಿರುಗುವ ರೋಟರಿ ವಾಲ್ವ್ ಹೆಚ್ಚಾಗಿ ಜರ್ಮನಿ, ಆಸ್ಟ್ರಿಯಾ, ಬೊಹೀಮಿಯಾ ಕಡೆಯದು. ಯುಫೋನಿಯಂನ ವಾಲ್ವ್‌ಗಳ ಹಿಂದೆ ಪುಟ್ಟ ಹೆಚ್ಚುವರಿ ಕೊಳವೆ ಸುರುಳಿಗಳಿದ್ದರೆ, ಅದು ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ 1874ರಲ್ಲಿ ಪೇಟೆಂಟ್ ಪಡೆದ ವಿಧಾನ. ಅಂದರೆ ವಾದ್ಯ ಅದಕ್ಕಿಂತ ಹಳೆಯದಲ್ಲ. ಆದರೆ ಎಷ್ಟು ಹೊಸದು ಎಂಬುದನ್ನು ಇದು ಹೇಳುವುದಿಲ್ಲ.

ಇನ್ನೊಂದು ಪರೀಕ್ಷೆ ಮೊಬೈಲಿನ ಟ್ಯೂನರ್ ಆ್ಯಪ್‌ನದು. ಹಳೇ ಬ್ರಿಟಿಷ್ ಬ್ಯಾಂಡ್‌ಗಳ ಶ್ರುತಿ ಈಗಿನ 440 ಹರ್ಟ್ಸ್ ಅಲ್ಲ, ಸುಮಾರು 452. ಅಂದರೆ ಹೆಚ್ಚೂಕಡಿಮೆ ಅರ್ಧ ಸೆಮಿಟೋನ್ ಮೇಲೆ. ಸ್ಲೈಡ್ ಅರ್ಧ ಹೊರಗೆಳೆದರೂ ಸ್ವರ ಏರಿಯೇ ಇದ್ದರೆ ಆ ಪದ್ಧತಿಯ ವಾದ್ಯವಿರಬಹುದು. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳಲ್ಲಿ ಅದು 1960ರ ದಶಕದವರೆಗೂ ಇತ್ತು, ಹಾಗಾಗಿ ಶ್ರುತಿ ಏರಿದೆ ಎಂದ ಮಾತ್ರಕ್ಕೆ ನೂರು ವರ್ಷ ಹಳೆಯದಾಗದು.

ಪೀಣ್ಯದ ಲೋಹ ಪರೀಕ್ಷೆ? ತಾಮ್ರ ಎಷ್ಟು, ಸತು ಎಷ್ಟು ಎಂದು ಹೇಳುತ್ತಾರೆ. 70ಕ್ಕೆ 30ರ ಹಿತ್ತಾಳೆ ಎಲ್ಲ ದೇಶದಲ್ಲೂ ಬಳಕೆಯಲ್ಲಿತ್ತು, ತಯಾರಕರ ಹೆಸರು ಅದರಲ್ಲಿ ಸಿಗದು.

ನಮ್ಮಲ್ಲಿ ಮೊದಲು ನೆನೆಯಬೇಕಾದ ಊರು ಲಂಡನ್ ಅಲ್ಲ, ಮೀರತ್. ಅಲ್ಲಿನ ಜಾಲಿ ಕೋಠಿ ಬೀದಿಯ ಕಾರ್ಖಾನೆಗಳು ದೇಶದ ಮದುವೆ ಬ್ಯಾಂಡ್‌ಗಳಿಗೆಲ್ಲ ವಾದ್ಯ ಕಳಿಸಿವೆ, ಬ್ರಿಟಿಷ್ ಮಾದರಿಗಳನ್ನೇ ನೋಡಿ ಮಾಡಿವೆ. ನಾದಿರ್ ಅಲಿ ಕಂಪನಿ ಅಲ್ಲಿ 1885ರಿಂದ ಇದೆ. ಒರಟು ಬೆಸುಗೆ, ಒಂದರ ಪಿಸ್ಟನ್ ಇನ್ನೊಂದಕ್ಕೆ ಕೂರದಂಥ ಕೈಕೆಲಸ ಕಂಡರೆ ಆ ಕಡೆಗೂ ಯೋಚಿಸಿ.

ಕೊನೆಗೆ ‘ಅರಮನೆ ಬ್ಯಾಂಡ್‌ನದು’ ಎಂಬ ಮಾತು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳ ಬ್ಯಾಂಡ್ ಇದ್ದದ್ದು ಹೌದು. ಆದರೆ ಅರಮನೆಯದೋ ಪಲ್ಟನ್ನಿನದೋ ಮುದ್ರೆ ಇದ್ದರೂ ಅದು ವಾದ್ಯ ಯಾರದ್ದಾಗಿತ್ತು ಎಂದು ಹೇಳುತ್ತದೆಯೇ ಹೊರತು ಯಾರು ಮಾಡಿದ್ದು ಎಂದಲ್ಲ.